ಬೆರಳು ಮಾತು ಕೇಳದಾಗ

ನಾನು ಶಿರಾ ಪಕ್ಕದ ಒಂದು ಶಾಲೆಯ ಪಿ.ಟಿ. ಟೀಚರ್. ಕುರಿ ಮೇಕೆ ಸಾಕುವವರ ಮಗಳು, ಮರ ಹತ್ತಿ ಬೆಳೆದವಳು. ಮಧುಗಿರಿಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ನಿಲ್ಲಿಸಿದ್ದ ಕ್ಲೈಂಬಿಂಗ್ ಗೋಡೆ ಹತ್ತುವ ತರಬೇತಿಗೆ ಶಾಲೆಯವರು ಕಳಿಸಿದಾಗ, ಇದೇನು ಮಹಾ ಎಂದುಕೊಂಡೇ ಹೋದೆ.

ಅರ್ಧ ದಾಟಿರಲಿಲ್ಲ, ಜೀವ ಬಾಯಿಗೆ ಬಂತು. ಕೊಂಬೆ ತಬ್ಬುವ ಹಾಗೆ ತೋಳು ಮಡಚಿ, ಮೈಯನ್ನು ಗೋಡೆಗೆ ಒತ್ತಿ, ಅದಕ್ಕೆ ಬಿಗಿದಿದ್ದ ಹಿಡಿಗಳನ್ನು ಅವುಚಿಕೊಂಡಿದ್ದೆ. ಮೊದಲು ರಟ್ಟೆ ನಡುಗಿತು. ಆಮೇಲೆ ಮುಂಗೈ ಊದಿ ಕಲ್ಲಾಯಿತು. ಬಿಡಬೇಡ, ಬಿಡಬೇಡ ಎಂದು ಒಳಗೊಳಗೇ ಅನ್ನುತ್ತಿದ್ದರೂ ನನ್ನ ಕಣ್ಣೆದುರೇ ಕಿರುಬೆರಳು ಬಿಚ್ಚಿಕೊಂಡಿತು, ಆಮೇಲೆ ಅದರ ಪಕ್ಕದ್ದು. ನನ್ನದೇ ಕೈ, ನನ್ನ ಮಾತು ಕೇಳುತ್ತಿಲ್ಲ! ಅಷ್ಟು ಹೆದರಿದ್ದು ನೆನಪಿಲ್ಲ. ಬಿದ್ದೆ. ಸೊಂಟದ ಹಗ್ಗ ಹಿಡಿದುಕೊಂಡಿತು.

ತರಬೇತಿಯ ಮೇಷ್ಟರು ನನ್ನ ಮುಂಗೈ ಒತ್ತಿ ನೋಡಿ ವಿವರಿಸಿದರು. ಬೆರಳು ಮಡಚುವ ಸ್ನಾಯುಗಳು ಹೆಚ್ಚಾಗಿ ಇರುವುದೇ ಅಲ್ಲಿ. ಬಿಗಿಯಾಗಿ ಹಿಡಿದಷ್ಟೂ ಅವು ತಮಗೆ ಬರುವ ರಕ್ತವನ್ನೇ ಅಮುಕಿಬಿಡುತ್ತವಂತೆ. ತೋಳು ಮಡಚಿಯೇ ಇದ್ದರೆ ರಟ್ಟೆ, ಹೆಗಲು, ಬೆನ್ನು ಎಲ್ಲವೂ ಸುಮ್ಮನೆ ದುಡಿದು ಸೋಲುತ್ತವೆ. ತೋಳು ನೀಡಿಕೊಂಡರೆ ಭಾರ ಮೂಳೆಗೆ ಹೋಗುತ್ತದೆ, ಮೇಲಕ್ಕೆ ತಳ್ಳುವ ಕೆಲಸ ಕಾಲಿನದು. ಎಲ್ಲಾ ಸರಿ. ಆದರೆ ಹಾಗೆ ತಬ್ಬಿ ಹಿಡಿಯುವುದನ್ನು ನಾನು ಕಲಿತದ್ದು ಅಪ್ಪನನ್ನು ನೋಡಿ. ಅಪ್ಪ ಈ ವಯಸ್ಸಿನಲ್ಲೂ ಮೇಕೆಗಳಿಗೆ ಸೊಪ್ಪು ಕಡಿಯಲು ಗೋಣಿಮರ ಹತ್ತುತ್ತಾನೆ. ಅವನ ಸೊಂಟಕ್ಕೆ ಹಗ್ಗವಿಲ್ಲ.

ಆ ಭಾನುವಾರ ಊರಿಗೆ ಹೋದಾಗ ಅಪ್ಪ ಮರದ ಮೇಲಿದ್ದ. ಎಡತೋಳು ಕೊಂಬೆಯನ್ನು ತಬ್ಬಿತ್ತು, ಬಲಗೈಯಲ್ಲಿ ಮಚ್ಚು. ಮುಂಗೈ ಉಬ್ಬಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ತೋಳು ನೀಡಪ್ಪಾ ಎಂದು ಕೂಗಬೇಕೆನಿಸಿತು. ನಮ್ಮಲ್ಲಿ ಮರದ ಮೇಲಿರುವವರನ್ನು ಮಾತಾಡಿಸುವ ಹಾಗಿಲ್ಲ. ಚಿಕ್ಕಂದಿನಲ್ಲಿ ಬೈಸಿಕೊಂಡು ಕಲಿತದ್ದು. ಹಾಳಾದ್ದು, ಇವತ್ತಾದರೂ ಮೀರಿಬಿಡೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಅವನ ಕಿರುಬೆರಳನ್ನೇ ನೋಡುತ್ತ ನಿಂತೆ.

ಇಳಿದ ಮೇಲೆ ಟೀ ಕೊಟ್ಟೆ. ಲೋಟವನ್ನು ಎರಡು ಅಂಗೈಗಳ ನಡುವೆ ಅಮುಕಿಕೊಂಡು ಕುಡಿದ. ಚಳಿಗೆ ಹಾಗೆ ಹಿಡಿಯುತ್ತಾನೆ ಎಂದೇ ಇಷ್ಟು ವರ್ಷ ನಂಬಿದ್ದೆ. ಅವತ್ತು ಉರಿಬಿಸಿಲು. ಎಲ್ಲಿ, ಬೆರಳು ಮಡಚು ಅಂದೆ. ಅರ್ಧಕ್ಕೇ ನಿಂತವು. ಮರದ ಮೇಲೂ ಹೀಗಾಗುತ್ತದಾ ಎಂದು ಕೇಳಿದೆ.

“ಆಯ್ತದೆ ಕಣಮ್ಮ. ಬುಡಬ್ಯಾಡ್ರಪ್ಪ, ಬುಡಬ್ಯಾಡಿ ಅಂತ ಬೆರಳ್‌ಗೆ ಯೋಳ್ತಾ ಇರ್ತೀನಿ. ಅದ್ಕೇಯಾ ಆಗ ಮಾತಾಡಿಸ್ಬ್ಯಾಡ ಅನ್ನಾದು.”

ಮೇಕೆಗಳಿಗೆ ಸೊಪ್ಪು ಸಾಲಲಿಲ್ಲ. ಅಪ್ಪ ಮಚ್ಚಿಗೆ ಕೈ ಹಾಕಿದ. ನನಗೆ ಎಲ್ಲಿತ್ತೋ ಸಿಟ್ಟು, ಕಿತ್ತುಕೊಂಡು ನಾನೇ ಹತ್ತಿದೆ. ತೋಳು ನೀಡಿಕೊಂಡೆ, ಭಾರವನ್ನು ಕಾಲಿಗೆ ಬಿಟ್ಟೆ. ಆದರೂ ಮುಂಗೈ ಬಿಗಿಯತೊಡಗಿತು. ನನ್ನ ಸೊಂಟಕ್ಕೂ ಹಗ್ಗವಿರಲಿಲ್ಲ. ಒಮ್ಮೆ ಕೆಳಗೆ ನೋಡಿದೆ. ಅಪ್ಪ ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದ. ಮಾತಾಡಲಿಲ್ಲ.