ಮಂಜಿನ ಬಂಡಿಯ ಮೊಳೆಗೆ ಜೋಳದ ಹಿಟ್ಟಿನ ಅಳತೆ

ಆ ಚಳಿಗಾಲದಲ್ಲಿ, ಸಿಡ್ನಿಯಿಂದ ಒಂದು ದಿನದ ದಾರಿಯ ಕ್ರಾನ್‌ಬರ್ನಿನ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅಲ್ಲೊಂದು ಸ್ನೋಮೊಬೈಲ್ ಕೂತಿತ್ತು. ಮುಂದೆ ಎರಡು ಜಾರುಹಲಗೆ, ಹಿಂದೆ ಉರುಳುವ ಒಂದು ಅಗಲವಾದ ರಬ್ಬರ್ ಪಟ್ಟಿ. ಚಕ್ರವೇ ಇಲ್ಲದ, ಮಂಜಿನ ಮೇಲೆ ಓಡುವ ಗಾಡಿ. ನಮ್ಮ ಸಬರ್ಬಿನಲ್ಲಿ ಮಂಜು ಕಾಣುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಕಸದ ಬಿನ್ ಹೊರಗಿಡಲು ಹೋದಾಗಲೆಲ್ಲ ಅದರ ಹಲಗೆ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಎಡಗಾಲಿಗೇ.

ನಮ್ಮವರು ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿ ಎರಡು ತಿಂಗಳಾಗಿತ್ತು. ಬೆಟ್ಟದ ಮೇಲಿನ ಲಾಡ್ಜೊಂದರ ಮುದುಕ ಓನರ್ ಈ ಹಳೆಯ ಗಾಡಿಯನ್ನು ಒಪ್ಪಿಸಿ ಒಂದು ಕರಾರು ಹಾಕಿದ್ದ. ಶನಿವಾರ ಇದು ಲಾಡ್ಜಿನ ಹಿಂದಿನ ಮಂಜುಗಡ್ಡೆಯ ಏರು ಹತ್ತಬೇಕು. ಹತ್ತಿದರೆ ಸೀಸನ್ ಪೂರ್ತಿ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ ಇವರದು. ಹತ್ತದಿದ್ದರೆ ಬೇರೊಬ್ಬ ತಯಾರಿದ್ದಾನೆ.

ಬರಿಯ ರಬ್ಬರು ಗಡ್ಡೆಯ ಮೇಲೆ ಜಾರುತ್ತದೆ. ಅದಕ್ಕೇ ಪಟ್ಟಿಯ ತುಂಬ ಚೂಪಾದ ಉಕ್ಕಿನ ಮೊಳೆ, ಅಂದರೆ ಸ್ಟಡ್ಡು, ಬಿಗಿಯಬೇಕು. ಇವರು ತೊಂಬತ್ತಾರು ಬಿಗಿದರು. ಫಜೀತಿ ಇದ್ದದ್ದು ಉದ್ದದಲ್ಲಿ. ಉದ್ದ ಹೆಚ್ಚಾದರೆ ಪಟ್ಟಿ ತಿರುಗುವಾಗ ಮೊಳೆ ಮೇಲಿನ ತಗಡಿನ ಹೊದಿಕೆಯನ್ನು ಗೀರುತ್ತದೆ. ಗಿಡ್ಡವಾದರೆ ಗಡ್ಡೆಯನ್ನು ಕಚ್ಚುವುದಿಲ್ಲ. ಮೊಳೆಗೂ ತಗಡಿಗೂ ನಡುವೆ ಎಷ್ಟು ಜಾಗವಿದೆ ಎಂದು ನೋಡಲು ಒಳಗೆ ಕಣ್ಣೂ ಹೋಗದು, ಸ್ಕೇಲೂ ಹೋಗದು.

ಬುಧವಾರ ಬೆಳಿಗ್ಗೆ ಇವರು ಅಡುಗೆಮನೆಗೆ ಬಂದು ಡಬ್ಬಿ ತೆರೆದು ನೋಡಿದರು.

"ಚಪಾತಿ ಹಿಟ್ಟ ನಾದೀ ಏನ?"

"ಈಗರ ತಿಂಡಿ ತಿಂದ್ರಲ್ಲ?"

"ತಿನ್ನಾಕಲ್ಲ. ಅಳತಿಗೆ."

ಫ್ಯಾಕ್ಟರಿಯ ಉಪಾಯವಂತೆ. ತಗಡಿನ ಒಳಮೈಗೆ ಮೆತ್ತಗಿನದೇನಾದರೂ ದಪ್ಪಗೆ ಮೆತ್ತಿ, ಪಟ್ಟಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸುವುದು. ಮೊಳೆ ಒತ್ತಿದ ಕುಳಿಯಲ್ಲಿ ಎಷ್ಟು ದಪ್ಪ ಉಳಿಯಿತೋ ಅಷ್ಟು ಜಾಗವಿದೆ ಎಂದರ್ಥ. ಎಂಟು ಚಪಾತಿಯ ಹಿಟ್ಟು ಗ್ಯಾರೇಜಿಗೆ ಹೋಯಿತು. ಚಹಾ ಕುಡಿದು ಬಂದು ಇವರು ಅಳೆದರು. "ಬೆರಳಷ್ಟು ಜಾಗ ಐತಿ. ಮೊಳಿ ಕಡಿಯೂದ ಬ್ಯಾಡ!"

ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿಗೇರಿಸಿ, ನಮ್ಮನ್ನೆಲ್ಲ ಮನೆಯೊಳಗೆ ಕಳಿಸಿ, ಎಂಜಿನ್ ಚಾಲೂ ಮಾಡಿದರು. ಹಂಚಿನ ಮೇಲೆ ಹತ್ತು ಜನ ಒಟ್ಟಿಗೆ ಸಟ್ಟುಗ ಕೆರೆದಂತೆ ಸದ್ದು.

"ಡ್ಯಾಡ್, ಇಟ್ಸ್ ಸ್ಕ್ರೀಮಿಂಗ್!" ಎಂದಳು ಮಗಳು ಕಿಟಕಿಯಿಂದ.

ತಗಡಿನ ಮೇಲೆ ಉದ್ದುದ್ದ ಗೀರುಗಳು. ಇವರು ಅದರ ಮುಂದೆ ತಲೆಗೆ ಕೈಹೊತ್ತು ಕೂತರು. ನಾನು ಹೊಸ ಹಿಟ್ಟು ನಾದಿ ಚಪಾತಿ ಲಟ್ಟಿಸತೊಡಗಿದೆ. ಲಟ್ಟಿಸಿದಷ್ಟೂ ಅಂಚು ಒಳಗೆ ಜಗ್ಗುತ್ತಿತ್ತು. ಉಂಡೆಗೆ ಬೆರಳು ಒತ್ತಿದೆ. ಕುಳಿ ನಿಧಾನಕ್ಕೆ ತಾನೇ ತುಂಬಿಕೊಂಡಿತು. ಲಟ್ಟಣಿಗೆ ಹಿಡಿದೇ ಗ್ಯಾರೇಜಿಗೆ ಓಡಿದೆ.

"ರೀ, ಗೋದಿ ಹಿಟ್ಟು ಸುಳ್ಳ ಹೇಳೇತಿ! ನೀವ ಚಹಾ ಕುಡಿಯೂದ್ರಾಗ ಕುಳಿ ಉಬ್ಬಿ ಬಂದೈತಿ. ಜ್ವಾಳದ ಹಿಟ್ಟ ಬೇಕು. ಅದಕ್ಕ ಜಿಗಿ ಇಲ್ಲ. ಒತ್ತಿದ್ದು ಒತ್ತಿದಂಗ ಇರತೈತಿ."

ಇವರು ನನ್ನನ್ನೂ ಲಟ್ಟಣಿಗೆಯನ್ನೂ ನೋಡಿದರು. "ಹೊಡಿಯಾಕ ಬಂದಿ ಅಂತ ಮಾಡಿದ್ದೆ."

ಆಗೆಲ್ಲ ನಮ್ಮ ಸಬರ್ಬಿನ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಸಿಡ್ನಿಯಲ್ಲಿರುವ ಮೈದುನ ಶುಕ್ರವಾರ ಬರುವವನಿದ್ದ. ಅಲ್ಲಿನ ಪೆಂಡಲ್ ಹಿಲ್ಲಿನ ಇಂಡಿಯನ್ ಅಂಗಡಿಯಿಂದ ಒಂದು ಚೀಲ ತಾರಪ್ಪಾ ಎಂದು ನಾನು ಯುಗಾದಿಯಿಂದಲೇ ಹೇಳುತ್ತ ಬಂದಿದ್ದೆ. ಈ ಸಲ ಇವರೇ ಫೋನ್ ಮಾಡಿ ನೆನಪಿಸಿದ್ದರಿಂದ ಮರೆಯದೆ ತಂದ. ಚೀಲ ನೋಡಿ ನನ್ನ ಬಾಯಲ್ಲಿ ನೀರೂರಿತು. ಆದರೆ ಅದು ಅಡುಗೆಮನೆಯ ಪಾಲಾಗಲಿಲ್ಲ.

ಕುದಿಯುವ ನೀರು ಹಾಕಿ ನಾದಿ ಕೊಟ್ಟೆ. ಇವರು ತಗಡಿಗೆ ಮೆತ್ತಲು ಹೋದರೆ ಹೋಳು ಹೋಳಾಗಿ ಬಿತ್ತು. "ನೀನ ಬಡಿ. ನನ್ನ ಕೈಯಾಗ ಬಿರಿತೈತಿ," ಎಂದರು. ಹಳೆಯ ಚಾಪೆ ಹಾಸಿ, ಅಂಗಾತ ಮಲಗಿ, ಪಟ್ಟಿಯ ಪಕ್ಕದ ಸಂದಿಯಲ್ಲಿ ಕೈ ತೂರಿಸಿ, ತಲೆಯ ಮೇಲಿನ ತಗಡಿಗೆ ರೊಟ್ಟಿ ಬಡಿದೆ. ಅರ್ಧ ಹಿಟ್ಟು ನನ್ನ ಹಣೆಗೇ ಬಿತ್ತು.

"ವೈನಿ, ಕುಂತು ಬಡಿಯೋರ್ನ ನೋಡೇನಿ, ನಿಂತು ಬಡಿಯೋರ್ನ ನೋಡೇನಿ," ಎಂದ ಮೈದುನ. "ಮಕ್ಕೊಂಡು ಬಡಿಯೋರು ನೀವ ಮೊದಲನೇದವ್ರು."

"ಬಾಯಿ ಮುಚ್ಚು, ಇಲ್ಲಾ ನೀ ಬಂದು ಮಲಕೋ."

ಪಟ್ಟಿ ತಿರುಗಿಸಿ ನೋಡಿದರೆ ರೊಟ್ಟಿಯಲ್ಲಿ ಕುಳಿಗಳಲ್ಲ, ತೂತುಗಳೇ. ಮೊಳೆಗಳು ತಗಡಿಗೆ ಮುಟ್ಟಿಯೇ ಬಿಟ್ಟಿದ್ದವು. ತೂತಾಗದ ಕಡೆ ಉಳಿದದ್ದು ಹಪ್ಪಳದಷ್ಟು ದಪ್ಪ. ಮೊಳೆ ಎಷ್ಟು ಉದ್ದವಿರಬೇಕೆಂದು ಇವರು ಅದರಿಂದ ಲೆಕ್ಕ ಹಿಡಿದು, ಬೆಂಕಿಕಡ್ಡಿಯೊಂದರ ಮೇಲೆ ಗುರುತು ಹಾಕಿ ಅದನ್ನೇ ಅಳತೆ ಮಾಡಿಕೊಂಡರು. ಒಂದೊಂದೇ ಮೊಳೆ ಬಿಚ್ಚಿ, ಗ್ರೈಂಡರಿಗೆ ಹಿಡಿದು ಗಿಡ್ಡ ಮಾಡಿ, ಮೊಂಡಾದ ತುದಿಯನ್ನು ಮತ್ತೆ ಚೂಪು ಮಾಡಿದರು. ಅಕ್ಕಿ ಆರಿಸುವಂತೆ ನಾನು ಮೊರದಲ್ಲಿ ಹಾಕಿಕೊಂಡು ಒಂದೊಂದನ್ನೇ ಕಡ್ಡಿಗೆ ಹಚ್ಚಿ ನೋಡಿದೆ. ಐದು ವಾಪಸ್ ಕಳಿಸಿದೆ. ಮೈದುನ ಎಲ್ಲವನ್ನೂ ಮತ್ತೆ ಬಿಗಿದ. ಈ ಸಲ ಎಂಜಿನ್ನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

ಶನಿವಾರ ಟ್ರೇಲರಿನಲ್ಲಿ ಗಾಡಿ ಹೇರಿಕೊಂಡು ಬೆಟ್ಟಕ್ಕೆ ಹೋದೆವು. ಓನರ್ ಕೈಕಟ್ಟಿ ನಿಂತಿದ್ದ. ಏರಿನ ಬುಡದಲ್ಲಿ ಗಾಡಿ ಒಮ್ಮೆ ಅಡ್ಡ ಜಾರಿತು. ನಾನು ಮಗಳ ಕೈ ಎಷ್ಟು ಹಿಸುಕಿದೆನೆಂದರೆ ಅವಳು ಕನ್ನಡದಲ್ಲೇ "ಅಮ್ಮಾ, ಬಿಡು!" ಎಂದಳು. ಅಷ್ಟರಲ್ಲಿ ಮೊಳೆಗಳು ಕಚ್ಚಿದವು. ಗಡ್ಡೆಯ ಚೂರುಗಳು ಹಿಂದಕ್ಕೆ ಹಾರಿದವು. ಗಾಡಿ ಗುರ್ ಎನ್ನುತ್ತ ನೆತ್ತಿ ಮುಟ್ಟಿತು.

ಇವರು ಇಳಿದು ಬಂದ ಮೇಲೆ ಓನರ್ ಬಗ್ಗಿ ತಗಡಿನ ಕೆಳಗೆ ಇಣುಕಿದ. ಎಂಜಿನ್ನಿನ ಬಿಸಿನೀರು ಹರಿಯುವ ಪೈಪಿನ ಮೂಲೆಯಲ್ಲಿ ನಾನು ಕೆರೆಯಲು ಮರೆತಿದ್ದ ರೊಟ್ಟಿಯ ತುಣುಕೊಂದು ಉಳಿದಿತ್ತು. ಅದನ್ನು ಎಬ್ಬಿಸಿ ಹಿಡಿದ. ಒಂದು ಮಗ್ಗುಲು ಹದವಾಗಿ ಕಂದಿತ್ತು.

"ವಾಟ್ಸ್ ದಿಸ್, ಮೇಟ್?"

"ಮೆಷರಿಂಗ್ ಟೂಲ್," ಎಂದರು ಇವರು, ಮುಖದ ಗೆರೆ ಕದಲದೆ.

"ಇನ್ನೊಂದೀಟು ಬೇಯಬೇಕಿತ್ತು, ವೈನಿ," ಎಂದು ಮೈದುನ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಓನರ್ ಮೂಸಿ ನೋಡಿದ. ಆಮೇಲೆ ಶೆಡ್ಡಿನ ಕಡೆ ಬೆರಳು ತೋರಿಸಿದ. ಅಲ್ಲಿ ಇಂಥವೇ ಇನ್ನೆರಡು ಗಾಡಿಗಳಿದ್ದವು. ಸೋಮವಾರ ಬಂದು ಅವನ್ನೂ ಶುರುಮಾಡು, ಬರುವಾಗ ಆ ಟೂಲನ್ನೂ ತಾ ಎಂದ.

ಕೆಳಗಿಳಿಯುವಾಗ ಕಾರಿನಲ್ಲಿ ಇವರು ರಸ್ತೆಯ ಮೇಲೇ ಕಣ್ಣಿಟ್ಟು, ಬಹಳ ಮೆಲ್ಲಗೆ ಕೇಳಿದರು.

"ಹಿಟ್ಟ ಎಷ್ಟ ಉಳದೈತಿ?"

"ಎರಡು ಗಾಡಿಗೆ ಆಕ್ಕೈತಿ," ಎಂದೆ.

ಆ ಚಳಿಗಾಲವೆಲ್ಲ ನಾವು ಎಣ್ಣೆಗಾಯಿ ಪಲ್ಯವನ್ನು ಚಪಾತಿಗೇ ಹಚ್ಚಿಕೊಂಡು ಉಂಡೆವು.