ಖಾಲಿ ಗಾಡಿಯ ಭಾರ

ತಿ. ನರಸೀಪುರದಲ್ಲಿ ಗೂಡ್ಸ್ ಗಾಡಿಗಳು ಸಾಲಾಗಿ ನಿಲ್ಲುವ ಕಡೆ ಹೋಗಿ 'ಸಾಮಾನಿನ ಜೊತೆ ಮಾತಾಡೋನು ಯಾರು' ಅಂದರೆ ಸಾಕಿತ್ತು, ಚಿಕ್ಕಸ್ವಾಮಿಯ ಕಡೆ ಬೆರಳು ಮಾಡೋರು. ಗಾಡಿಗೆ ಏನೇ ಹೇರಲಿ, ಹಗ್ಗ ಬಿಗಿದ ಮೇಲೆ ಅದರ ಮೇಲೆ ಅಂಗೈ ಇಟ್ಟು, ಎಲ್ಲಿಗೆ ಹೋಗುತ್ತಿದೆ ಅಂತ ಹೇಳದೆ ಅವನು ಕೀಲಿ ತಿರುಗಿಸಿದವನಲ್ಲ. 'ಸೋಮನಾಥಪುರಕ್ಕೆ ಓಗ್ತಾ ಇದ್ದೀವಿ, ಒಸಮನೆಗೆ' ಅಂತ ಬೀರುವಿಗೆ ಹೇಳೋನು. ಸಿಮೆಂಟ್ ಮೂಟೆಗೂ ಹೇಳೋನು.

'ಟಿಕೆಟ್ಟೂ ಅರ್ದು ಕೊಟ್ಬುಡ್ಲಾ ಅದ್ಕೆ' ಅಂತ ಪಕ್ಕದ ಗಾಡಿಯ ರವಿಕುಮಾರ ಆಡಿಕೊಳ್ಳೋನು.

ಎತ್ತಿನ ಗಾಡಿ ಹೂಡುತ್ತಿದ್ದ ಅವನಪ್ಪ ಚಿಕ್ಕಮಾದು ಕಲಿಸಿದ ಪದ್ಧತಿ ಅದು. ಹೊತ್ತು ಸಾಗಿಸುವಾಗ ಯಾವುದಕ್ಕೂ ಸುಳ್ಳು ಹೇಳಬಾರದು ಅನ್ನೋದು ಚಿಕ್ಕಮಾದುವಿನ ಕಟ್ಟು. ಒಂದೇ ಸಲ ತಪ್ಪಿದ. ಗಂಡನ ಊರಿನಲ್ಲಿ ಮಣ್ಣು ಮಾಡಲು ಒಯ್ಯುತ್ತಿದ್ದ ಒಬ್ಬ ಹೆಣ್ಣುಮಗಳ ಹೆಣಕ್ಕೆ, ಮನೆಯವರು ಹೇಳು ಅಂದರೆಂದು, 'ತವರಿಗೆ ಓಗ್ತಾ ಇದ್ದೀವಿ ಕಣವ್ವ' ಅಂದುಬಿಟ್ಟ. ನಾಲೆ ತಿರುವಿನಲ್ಲಿ ಎತ್ತುಗಳು ಮಂಡಿಯೂರಿದವು. ಗಾಡಿ ಮಗುಚಿ ಚಕ್ರ ಅವನ ಕಾಲ ಮೇಲೆ ಹಾಯಿತು. ಆಮೇಲೆ ಬದುಕಿದ ಇಪ್ಪತ್ತು ವರ್ಷವೂ ಕುಂಟಿಕೊಂಡೇ ಓಡಾಡಿದ.

ಎರಡು ಸಾವಿರದ ಎಂಟನೇ ಇಸವಿ. ಬಿಸಿಲು ಆಗಷ್ಟೇ ಬಲಿಯುತ್ತಿದ್ದ ಒಂದು ದಿನ ಚಿಕ್ಕಸ್ವಾಮಿಯ ಮೊಬೈಲು ಬಡಿದುಕೊಂಡಿತು. ನಾಟಕದ ಮೇಷ್ಟ್ರು ಗುರುಮಲ್ಲಪ್ಪನವರ ಮಗಳು ಶ್ವೇತ.

'ಚಿಕ್ಕಸ್ವಾಮಣ್ಣ, ಅಪ್ಪಾಜಿಯ ಕಾಲ್ಪೆಟ್ಟಿಗೆ ಫೋಟೋನ ಇಂಟರ್ನೆಟ್ಟಿಗೆ ಹಾಕಿದ್ದೆ. ನಂಜನಗೂಡಿನ ನಂಜುಂಡಸ್ವಾಮಿ ಅನ್ನೋರು ತಗೊಂಡಿದಾರೆ. ನೀವೇ ತಲುಪಿಸ್ಬೇಕು. ಇಲ್ಲಿ ಗೆದ್ದಲು ತಿನ್ನೋದಕ್ಕಿಂತ ನುಡಿಸೋರ ಮನೇಲಿರ್ಲಿ.'

ಕಾಲ್ಪೆಟ್ಟಿಗೆ ಅಂದರೆ ಮೇಜಿನಷ್ಟೆತ್ತರದ ಹಾರ್ಮೋನಿಯಂ. ಸ್ಟೂಲಿನ ಮೇಲೆ ಕೂತು, ಕೆಳಗಿನ ಎರಡು ಮೆಟ್ಟು ತುಳಿದು ಗಾಳಿ ತುಂಬಿಸಿ ನುಡಿಸಬೇಕು. ಮೇಷ್ಟ್ರು ಅದನ್ನಿಟ್ಟುಕೊಂಡು ನಲವತ್ತು ವರ್ಷ ಊರೂರಿಗೆ ಪೌರಾಣಿಕ ನಾಟಕ ಕಲಿಸಿದ್ದರು. ಕೊನೆಯ ಹತ್ತು ವರ್ಷ ಅದನ್ನು ಸಾಗಿಸಿದವನು ಚಿಕ್ಕಸ್ವಾಮಿಯೇ. ಅವರು ಎಂದೂ ಮುಂದಿನ ಸೀಟಿನಲ್ಲಿ ಕೂತವರಲ್ಲ. ಹಿಂದೆ, ಪೆಟ್ಟಿಗೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, 'ಮನೆ ಬಂದಾಗ ಹೇಳಯ್ಯ' ಅಂದು ಕಣ್ಣು ಮುಚ್ಚೋರು. ತೀರಿಕೊಂಡು ಮೂರು ವರ್ಷವಾಗಿತ್ತು.

ಮಟಮಟ ಮಧ್ಯಾಹ್ನ ಚಿಕ್ಕಸ್ವಾಮಿ ಹೋದಾಗ ಮೇಷ್ಟ್ರ ಹೆಂಡತಿ ಚನ್ನಬಸಮ್ಮ ಪೆಟ್ಟಿಗೆ ಒರೆಸಿ, ವಿಭೂತಿ ಇಟ್ಟು ಕೂತಿದ್ದರು. ಎರಡು ಮೆಟ್ಟೂ ಕೆಳಕ್ಕೆ ಕೂತಿದ್ದವು. ಕಾಲು ತೆಗೆದರೆ ಮೇಲೇಳಬೇಕಾದ ಮೆಟ್ಟುಗಳು.

ನಾಲ್ಕು ಜನಕ್ಕೆ ಏಳುತ್ತಿದ್ದ ಪೆಟ್ಟಿಗೆ ಅವತ್ತು ನಾಲ್ಕು ಹಮಾಲಿಗಳಿಗೆ ಏಳಲಿಲ್ಲ. ಬೀದಿಯಲ್ಲಿದ್ದ ಇಬ್ಬರನ್ನು ಕರೆದರು. ಎತ್ತಿದರು.

'ಒಳಗೆ ಯಾರಾದ್ರೂ ಕೂತವ್ರೇನೋ ನೋಡ್ರಲಾ' ಅಂದ ಒಬ್ಬ ಹಮಾಲಿ.

'ಸ್ಟೂಲು ನನಗಿರ್ಲಿ' ಅಂದರು ಚನ್ನಬಸಮ್ಮ.

ಹಗ್ಗ ಬಿಗಿದು ಚಿಕ್ಕಸ್ವಾಮಿ ಅಂಗೈ ಇಡುವ ಹೊತ್ತಿಗೆ ಅವರು ಅವನ ಮೊಣಕೈ ಹಿಡಿದುಕೊಂಡರು. 'ಮಾರಿದ್ವಿ ಅನ್ಬೇಡ ಕಣಪ್ಪ. ರಿಪೇರಿಗೆ ಅನ್ನು. ವಾಪಸ್ ಬರೋದು ಅನ್ನು. ನೊಂದ್ಕೊತಾರೆ.'

'ಯಾರವ್ವ?'

ಅವರು ಸ್ಟೂಲಿನ ಕಡೆ ನೋಡಿದರು.

ಮುತ್ತೈದೆಯಾಗಿದ್ದಾಗ ತನಗೆ ಎಷ್ಟೋ ಸಲ ಅನ್ನ ಬಡಿಸಿದ ಕೈ ಅದು. ಬಿಡಿಸಿಕೊಳ್ಳಲಾಗದೆ ಚಿಕ್ಕಸ್ವಾಮಿ ಹೇಳಿಬಿಟ್ಟ: 'ನಂಜನಗೂಡಿಗೆ ಓಗ್ತಾ ಇದ್ದೀವಿ, ರಿಪೇರಿಗೆ. ವಾಪಸ್ ಕರ್ಕೊಂಡ್ ಬತ್ತೀನಿ.' ನಾಲಿಗೆ ಕಹಿಯಾಯಿತು.

ದಾರಿಯುದ್ದಕ್ಕೂ ಹಂಪು ಬಂದಾಗಲೆಲ್ಲ ಹಿಂದಿನಿಂದ ಒಂದೇ ಸ್ವರ ಕೇಳೋದು, ನಿದ್ದೆಯಲ್ಲಿದ್ದವರು ಉಸಿರೆಳೆದ ಹಾಗೆ. ಗಾಡಿ ನಿಲ್ಲಿಸಿ ನೋಡಿದ. ಮುಚ್ಚಳಕ್ಕೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

ನಂಜನಗೂಡಿನಲ್ಲಿ ಅಚ್ಚರಿಯೆಂದರೆ ಪೆಟ್ಟಿಗೆ ಇಬ್ಬರಿಗೇ ಇಳಿಯಿತು. ರಿಟೈರ್ಡ್ ಸ್ಕೂಲ್ ಮೇಷ್ಟ್ರು ನಂಜುಂಡಸ್ವಾಮಿ ಕುರ್ಚಿ ಎಳೆದುಕೊಂಡು ತುಳಿಯಲು ನೋಡಿದರು, ಮೆಟ್ಟು ಕೂತಲ್ಲೇ ಕೂತಿದ್ದವು; ಸ್ವರದ ಮನೆಗಳ ಮೇಲೆ ಬೆರಳಾಡಿಸಿದರು. ಸದ್ದೇ ಇಲ್ಲ.

'ದಾರೀಲಿ ಕುಲುಕಿ ಏನೋ ಸಿಕ್ಕೊಂಡಿರ್ಬೇಕು. ನೋಡ್ತೀನಿ, ನೀನು ಹೊರಡಪ್ಪ' ಅಂದರು.

ಖಾಲಿ ಗಾಡಿ ಹತ್ತಿ ಹೊರಟ ಚಿಕ್ಕಸ್ವಾಮಿಗೆ ಮೊದಲ ಗೇರಿನಲ್ಲೇ ತಿಳಿಯಿತು. ಗಾಡಿ ಖಾಲಿ ಇರಲಿಲ್ಲ. ಎಂಜಿನ್ ಏದುಸಿರು ಬಿಡುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರೀ ಹಗ್ಗ ಸುತ್ತಿ ಬಿದ್ದಿತ್ತು.

ನರಸೀಪುರಕ್ಕೆ ಮರಳಿದಾಗ, 'ಕಬ್ಬಿಣ ತುಂಬ್ಕೊಂಡ್ ಬಂದೀಯೇನ್ಲಾ?' ಅಂದ ರವಿಕುಮಾರ. ಹಿಂದಿನ ಚಕ್ರದ ಮೇಲೆ ಭಾರ ತಾಳುವ ಕಮಾನ್ ಪ್ಲೇಟು ನಾಲ್ಕು ಬೆರಳು ಕುಸಿದಿತ್ತು. ಮೆಕ್ಯಾನಿಕ್ಕು ತಟ್ಟಿ ನೋಡಿ, ಪ್ಲೇಟಿಗೆ ಏನೂ ಆಗಿಲ್ಲ ಅಂದ.

ಮಾರನೆಯ ದಿನ ತಗಡೂರಿಗೆ ಗೊಬ್ಬರದ ಬಾಡಿಗೆ. ಅರ್ಧ ಲೋಡಿಗೇ ಟೈರು ಗಾಡಿಯ ತಳಕ್ಕೆ ಉಜ್ಜತೊಡಗಿತು. ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟಂತಾಗಿ ಸ್ಟೇರಿಂಗು ಕೈಯಲ್ಲಿ ಹಗುರಾಯಿತು. ಪಕ್ಕದಲ್ಲೇ ನಾಲೆ. ಹೇಗೋ ಬ್ರೇಕು ಕಚ್ಚಿತು. ಕೆಳಗಿಳಿದ ಚಿಕ್ಕಸ್ವಾಮಿ ಬಗ್ಗಿ ತನ್ನ ಎರಡು ಮೊಣಕಾಲನ್ನೂ ಒಮ್ಮೆ ಹಿಡಿದುಕೊಂಡ. ಅಪ್ಪ ಕುಂಟುತ್ತ ಹಟ್ಟಿ ದಾಟುತ್ತಿದ್ದ ಸದ್ದು ಕಿವಿಯಲ್ಲಿತ್ತು. ಇನ್ನೊಂದು ತಿರುವಿಗೆ ಇದು ತನ್ನನ್ನು ಬಿಡುವುದಿಲ್ಲ ಅನ್ನಿಸಿತು.

ಫೋನ್ ಮಾಡಿ ರವಿಕುಮಾರನನ್ನು ಕರೆಸಿ, ಗೊಬ್ಬರವನ್ನು ಅವನ ಗಾಡಿಗೆ ಹಾಕಿಸಿ, ತಾನು ಖಾಲಿ ಗಾಡಿಯನ್ನು ಸೀದಾ ಮೇಷ್ಟ್ರ ಮನೆ ಮುಂದೆ ತಂದು ನಿಲ್ಲಿಸಿದ. ಮತ್ತೆ ಅದೇ ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಚನ್ನಬಸಮ್ಮ ಹೊಸಿಲಲ್ಲಿ ನಿಂತಿದ್ದರು, ಯಾರೋ ಹೇಳಿಕಳಿಸಿದ್ದ ಹಾಗೆ.

ಚಿಕ್ಕಸ್ವಾಮಿ ಹಿಂದಿನ ಬಾಗಿಲು ಇಳಿಸಿದ. ಬರಿದಾದ ತಗಡಿನ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಸುಡಬೇಕಾದ ತಗಡು ತಣ್ಣಗಿತ್ತು.

'ಮೇಷ್ಟ್ರೇ, ಪೆಟ್ಟಿಗೆ ಮಾರೋಯ್ತು. ರಿಪೇರಿಗೆ ಅಂದಿದ್ದು ಸುಳ್ಳು, ತಪ್ಪಾಯ್ತು. ಅದು ಬರಾಕಿಲ್ಲ. ನಿಮ್ಮನ್ನ ಕರ್ಕೊಂಡ್ ಬತ್ತೀನಿ ಅಂದಿದ್ದೆ, ಕರ್ಕೊಂಡ್ ಬಂದೀವ್ನಿ.' ಅಂಗೈ ಎತ್ತದೆಯೇ ಅಂದ: 'ಮನೆ ಬಂತು. ಇಳೀರಿ.'

ಕಮಾನ್ ಪ್ಲೇಟು ಕಿರ್ರ್ ಅಂದಿತು. ಗಾಡಿ ನಿಧಾನಕ್ಕೆ ನಾಲ್ಕು ಬೆರಳು ಮೇಲೆದ್ದಿತು. ಚನ್ನಬಸಮ್ಮ ಹೊಸಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಸೆರಗು ಸರಿ ಮಾಡಿಕೊಂಡರು. ಒಳಗೆ ಸ್ಟೂಲು ಸದ್ದು ಮಾಡಿತು.

ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ನಂಜುಂಡಸ್ವಾಮಿ. 'ಮೆಟ್ಟು ತಾನಾಗೇ ಮೇಲೆದ್ವು ಕಣಪ್ಪ, ಈಗಷ್ಟೆ. ಕೇಳು' ಅಂದರು. ಅತ್ತಲಿಂದ ತುಂಬಿದ ಸ್ವರ ಬಂತು.

'ಬಾ, ಕಾಫಿ ಕುಡ್ದು ಹೋಗು' ಅಂದರು ಚನ್ನಬಸಮ್ಮ. ತಟ್ಟೆಯಲ್ಲಿ ಮೂರು ಲೋಟ ತಂದರು. ಚಿಕ್ಕಸ್ವಾಮಿ ತನ್ನದನ್ನು ಹೊಸಿಲಾಚೆಯೇ ನಿಂತು, ಸ್ಟೂಲಿನ ಕಡೆ ನೋಡದೆ ಕುಡಿದು ಮುಗಿಸಿದ.

ಹೊರಡುವಾಗ ಯಾರೇ ಆದರೂ 'ಬತ್ತೀನಿ' ಅನ್ನಬೇಕು. ಹೋಗುತ್ತೀನಿ ಅಂದರೆ ಅಪಶಕುನ, ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಆ ಮನೆಗೆ ಇನ್ನೊಂದು ಮಾತು ಕೊಡಲು ಅವನಿಗೆ ಧೈರ್ಯ ಸಾಲಲಿಲ್ಲ.

'ಓಯ್ತೀನಿ ಕಣವ್ವ' ಅಂದ.

ಚನ್ನಬಸಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಒಳಕ್ಕೆ ತಿರುಗಿ, 'ಚಿಕ್ಕಸ್ವಾಮಿ ಹೊರಟ ಕಣ್ರೀ' ಅಂದರು.