ಮಂತ್ರವಾದಿನಿಯ ಹಸಿರು ಗುಂಡಿ

ತರೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಓಂಕಾರಮೂರ್ತಿ ವಾರಕ್ಕೆ ಆರು ದಿನ ಟಪಾಲಿಗೆ ನಂಬರು ಹಾಕುತ್ತಿದ್ದ; ಏಳನೆಯ ದಿನ ಬ್ರಹ್ಮಾಂಡ ಆಳುತ್ತಿದ್ದ. 1984ರಲ್ಲಿ ಬೀರೂರಿನ ಕಡಲೆಕಾಯಿ ಅಂಗಡಿಯ ರದ್ದಿಯಲ್ಲಿ ಅವನಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಒಬ್ಬ ಕಥೆ ನಡೆಸಬೇಕು, ಉಳಿದವರು ವೀರರೋ ಮಾಂತ್ರಿಕರೋ ಆಗಿ ಅದರೊಳಗೆ ಹೊಕ್ಕು, ದಾಳ ಹಾಕಿ ರಾಕ್ಷಸರನ್ನು ಗೆಲ್ಲಬೇಕು, ಅಂಥ ಆಟ. ದಾಳದ ಬದಲು ಒಂದು ಮೈ ತೇಯ್ದ ಹುಣಸೆಬೀಜಗಳು ಬಂದವು. ರೂಪ ಬದಲಿಸುವ ಮಂತ್ರದ ಹಾಳೆಗಳು ಮಾತ್ರ ಅದಾಗಲೇ ಯಾರದೋ ಕಡಲೆಕಾಯಿಗೆ ಪೊಟ್ಟಣವಾಗಿ ಹೋಗಿದ್ದವು. ಇದನ್ನವನು ಯಾರಿಗೂ ಹೇಳಲಿಲ್ಲ. ಇಂಗ್ಲಿಷ್ ಓದಲು ಬರುತ್ತಿದ್ದುದು ಅವನೊಬ್ಬನಿಗೇ.

ಭಾನುವಾರ ಮಧ್ಯಾಹ್ನ ಅಜ್ಜಂಪುರದಲ್ಲಿ ಅಕ್ಕ ತೀರ್ಥಮ್ಮನ ಮನೆಯಲ್ಲಿ ಆಟ. ರವಿಕೆ ಹೊಲಿಯುವ ತೀರ್ಥಮ್ಮ ಮಂತ್ರವಾದಿನಿ, ಅವಳ ಕಾಯಿ ಹೊಲಿಗೆ ಡಬ್ಬಿಯ ಒಂದು ಹಸಿರು ಗುಂಡಿ. ಪಕ್ಕದ ಮನೆಯ ಪಂಚಾಕ್ಷರಪ್ಪ ಖಡ್ಗವೀರ. ಮಂತ್ರವಾದಿನಿ ಹದ್ದಾಗಿ ಕೋಟೆ ಹಾರಿದಳು, ಇರುವೆಯಾಗಿ ಬೀಗದೊಳಗೆ ನುಸುಳಿದಳು, ಗಾಯವಾದರೆ ರೂಪ ಬದಲಿಸಿ ಹೊಸ ಮೈಯಲ್ಲಿ ಎದ್ದಳು. ಓಂಕಾರಮೂರ್ತಿ ವಾರವಿಡೀ ಕಚೇರಿ ಕಾಗದದ ಬೆನ್ನಿನಲ್ಲಿ ಸಾಕಿ ಬೆಳೆಸಿದ್ದ ಏಳು ಹೆಡೆಯ ಸರ್ಪವನ್ನು ಮುಂಗುಸಿಯಾಗಿ, ಕಾಫಿ ಆರುವುದರೊಳಗೆ ಮುಗಿಸಿದಳು. ಪಂಚಾಕ್ಷರಪ್ಪನ ಖಡ್ಗ ಒರೆಯಿಂದ ಹೊರಗೇ ಬಂದಿರಲಿಲ್ಲ.

"ನಾನಿಲ್ಲಿಗೆ ಮಂಡಕ್ಕಿ ತಿನ್ನಕ್ಕೆ ಬತ್ತೀನೇನಪ್ಪಾ?" ಎಂದು ಅವನು ಕೇಳಿದ.

ಮಂತ್ರದ ಬಲ ತಗ್ಗಿಸಬೇಕಿತ್ತು, ನಿಜ. ಮೂವರೂ ಕೂತು ಮಾತಾಡಿದ್ದರೆ ಆಗುತ್ತಿತ್ತು. ಆದರೆ ಸರ್ಪದ ಸೂತಕದಲ್ಲಿದ್ದ ಓಂಕಾರಮೂರ್ತಿ ಮುಂದಿನ ವಾರ ಪುಸ್ತಕ ತೆರೆದು, ಇಲ್ಲದ ಹಾಳೆಯನ್ನು ಗಂಭೀರವಾಗಿ ಓದಿದ: ರೂಪ ಬದಲಿಸಿದರೆ ಮೈಮೇಲಿದ್ದುದೆಲ್ಲ ನೆಲಕ್ಕೆ ಬೀಳುತ್ತದೆ. ಮಂತ್ರದ ಕೋಲು, ತಾಯಿತ ಬಿದ್ದುಹೋಗುವ ಭಯಕ್ಕೆ ಅಕ್ಕ ಸ್ವಲ್ಪ ಹಿಂದೆಮುಂದೆ ನೋಡಲಿ ಎಂಬುದಷ್ಟೇ ಅವನ ಹೂಟ.

"ಎಲ್ಲಾನೂ ಬೀಳುತ್ತಾ?" ಎಂದಳು ತೀರ್ಥಮ್ಮ.

"ಎಲ್ಲಾನೂ. ಪುಸ್ತಕದಾಗೇ ಐತೆ."

ಅಂದು ಹೆಬ್ಬುಲಿ ಎದುರಾಯಿತು. ಹದ್ದಾಗಿ ಹಾರಿದ್ದರೆ ಸಾಕಿತ್ತು. ತೀರ್ಥಮ್ಮ ಬೀಜ ಮುಟ್ಟಲಿಲ್ಲ. ಮಂತ್ರವಾದಿನಿ ಮನುಷ್ಯಳಾಗಿಯೇ ನಿಂತು, ಮನುಷ್ಯಳಾಗಿಯೇ ಸತ್ತಳು. ಯಾಕೆ ಹಾರಲಿಲ್ಲ ಎಂದು ತಮ್ಮ ಕೇಳಿದ.

"ಅವಳ ಕೊರಳಾಗೂ ಲಿಂಗ ಐತೆ ಕಣೋ. ಜೀವ ಉಳಿಸ್ಕಳಕ್ಕೆ ಅದನ್ನ ನೆಲಕ್ಕೆ ಹಾಕ್ತಾಳಾ?"

ಓಂಕಾರಮೂರ್ತಿಯ ಕೈ ಅಂಗಿಯೊಳಗಿದ್ದ ತನ್ನ ಲಿಂಗದ ಮೇಲೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರಿಗೆ ತಪ್ಪಾಯಿತು ಎಂದ. ಆ ವಾರ ಮೂರು ಟಪಾಲಿಗೆ ಒಂದೇ ನಂಬರು ಬಿತ್ತು.

ಭಾನುವಾರ ಪುಸ್ತಕದ ಹರಿದ ಹೊಲಿಗೆ ತೋರಿಸಿ ಎಲ್ಲವನ್ನೂ ಒಪ್ಪಿಕೊಂಡ. ಪಂಚಾಕ್ಷರಪ್ಪನ ಬಾಯಲ್ಲಿ ಮಂಡಕ್ಕಿ ನಿಂತಿತು. ಮಂತ್ರವಾದಿನಿಯನ್ನು ಈಗಲೇ ಬದುಕಿಸುತ್ತೇನೆ ಎಂದು ಬ್ರಹ್ಮಾಂಡದ ಒಡೆಯ ಅಂಗಲಾಚಿದ.

"ಸತ್ತೋಳು ಸತ್ತಳು. ನಿನ್ನ ಸುಳ್ಳಿಗೆ ಸತ್ತಳು," ಎಂದಳು ತೀರ್ಥಮ್ಮ.

ಆಮೇಲೆ ಹೊಸ ಕಾನೂನನ್ನು ಅವಳೇ ಹೇಳಿ ಬರೆಸಿದಳು. ದಿನಕ್ಕೊಂದೇ ರೂಪ. ಯಾವ ಮೈಗಾದ ಗಾಯವೂ ಗಾಯವೇ. ಲಿಂಗ ಮಾತ್ರ ಎಲ್ಲ ರೂಪದಲ್ಲೂ ಕೊರಳಲ್ಲೇ, ಇರುವೆಯಾದರೂ ಸರಿ. ತನಗೊಂದು ನೀಲಿ ಗುಂಡಿ ಆರಿಸಿಕೊಂಡಳು. ಪಂಚಾಕ್ಷರಪ್ಪನ ಖಡ್ಗಕ್ಕೆ ಕೊನೆಗೂ ಕೆಲಸ ಸಿಕ್ಕಿತು.

ಹಸಿರು ಗುಂಡಿಯನ್ನು ತೀರ್ಥಮ್ಮ ಬಿಸಾಡಲಿಲ್ಲ. ತಮ್ಮನ ಬಿಳಿ ಅಂಗಿಯ ಎದೆಯ ಗುಂಡಿ ಕಿತ್ತು, ಅಲ್ಲಿ ಅದನ್ನು ಗಟ್ಟಿಯಾಗಿ ಹೊಲಿದುಕೊಟ್ಟಳು. ಅದೇನು ಎಂದು ಕಚೇರಿಯ ಸಾಹೇಬರು ಕೇಳಿದಾಗ ಓಂಕಾರಮೂರ್ತಿ ಒಬ್ಬ ಹೆಂಗಸಿನ ಸಾವಿಗೆ ತಾನು ಕಾರಣ ಎಂದುಬಿಟ್ಟ. ಸಾಹೇಬರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು. ಅಂಗಿಗಳು ಒಂದೊಂದಾಗಿ ಹರಿದವು. ಗುಂಡಿ ಮುಂದಿನ ಅಂಗಿಗೆ ಹೋಗುತ್ತಲೇ ಇತ್ತು. ಹೊಲಿಯುತ್ತಿದ್ದವನು ಈಗ ಅವನೇ.